ನಮ್ಮ ತಂಡ ಪೂರ್ವಕ್ಕೆ ಹೋದದ್ದು

ನನಗೂ ಆಟಕ್ಕೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಮೈಸೂರಿನ ಶಾಲೆಯಲ್ಲಿ ಡ್ರಿಲ್ ಪೀರಿಯಡ್ ಬಂತೆಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಪ್ರಾಣಿ ನಾನು. ಅಂಥವನು ನಲವತ್ತು ದಾಟಿದ ಮೇಲೆ ಸಿಂಗಪುರದಲ್ಲಿ ಒಂದು ಫುಟ್‌ಬಾಲ್ ತಂಡದ ಪರವಾಗಿ ಸರ್ಕಾರದ ಮುಂದೆ ಕೈಕಟ್ಟಿ ನಿಂತೆ ಎಂದರೆ ನನ್ನ ತಮ್ಮನೇ ನಂಬಲಿಲ್ಲ. ಫೋನಿನಲ್ಲಿ, "ಯಾಕೋ, ಆಫೀಸಲ್ಲಿ ಕೆಲಸ ಇಲ್ವಾ?" ಎಂದ.

ಇದಕ್ಕೆಲ್ಲ ಕಾರಣ ಲಿಮ್ ಅಂಕಲ್. ಸಿಂಗಪುರದ ಪಶ್ಚಿಮ ತುದಿಯ ಬೂನ್ ಲೇಯಲ್ಲಿ ನಮ್ಮದೇ ಬ್ಲಾಕಿನ ಒಂಬತ್ತನೇ ಮಹಡಿಯವರು, ಬಸ್ ಓಡಿಸಿ ನಿವೃತ್ತರಾದವರು. ನಾವು ಮನೆ ಶಿಫ್ಟ್ ಆದ ವಾರವೇ ಲಿಫ್ಟಿನಲ್ಲಿ ನನ್ನನ್ನು ಹಿಡಿದು, "ಶನಿವಾರ ಸಂಜೆ ಫ್ರೀ ತಾನೆ? ಮ್ಯಾಚಿಗೆ ಬಾ ಲಾ" ಎಂದರು. (ಅವರ ಇಂಗ್ಲಿಷನ್ನು ನಾನು ಕನ್ನಡ ಮಾಡಿದ್ದೇನೆ. ಇಲ್ಲಿಯವರು ಮಾತಿನ ತುದಿಗೆ ಅಂಟಿಸುವ 'ಲಾ' ಮಾತ್ರ ಯಾವ ಭಾಷೆಗೂ ಬಗ್ಗುವುದಿಲ್ಲ, ಬಿಟ್ಟಿದ್ದೇನೆ.) ಆಗಲ್ಲ ಎನ್ನುವ ಧೈರ್ಯ ಸಾಲದೆ ಹೋದೆ. ಅಂಕಲ್ ಇಲ್ಲಿಯ ಪದ್ಧತಿಯಂತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿದ ಎರಡು ಕಾಫಿ ತಂದು, ಒಂದನ್ನು ನನ್ನ ಕೈಗಿಟ್ಟರು. ನಮ್ಮ ಪೇಟೆಗೆ ಸಂಬಳ ತಗೊಂಡು ಆಡುವ ತಂಡವೊಂದಿದೆ ಎಂದು ತಿಳಿದದ್ದೇ ಆವತ್ತು. ಅವರ ಆಟ ನೋಡಿದರೆ ಆ ಸಂಬಳದ ಬಗ್ಗೆ ಅನುಮಾನ ಬರುತ್ತಿತ್ತು. ಇನ್ನೂರು ಜನ ಸೇರಿದರೆ ಗ್ಯಾಲರಿಗೆ ಹಬ್ಬ. ಆದರೆ ಲಿಮ್ ಅಂಕಲ್ ಒಳಗೆ ಕಾಲಿಟ್ಟರೆ ಆ ಇನ್ನೂರೂ ಜನ ಅವರನ್ನು ಹೆಸರು ಹಿಡಿದು ಕೂಗುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಮನುಷ್ಯ ವಾರದಲ್ಲಿ ಬಾಯ್ತುಂಬ ಮಾತಾಡುತ್ತಿದ್ದದ್ದು ಅಲ್ಲಿ ಮಾತ್ರ. ಉಳಿದ ಆರು ದಿನ ಟಿವಿ ಮಾತಾಡುತ್ತಿತ್ತು.

ಕಳೆದ ವರ್ಷ ಒಂದು ಸಂಜೆ ಅವರು ನಮ್ಮ ಮನೆಯ ಬಾಗಿಲು ತಟ್ಟಿದರು. ಮುಖ ಬಿಳಿಚಿಕೊಂಡಿತ್ತು. ಮೈದಾನದ ಜಾಗ ಸರ್ಕಾರದ್ದಂತೆ, ಅಲ್ಲಿ ಮನೆಗಳನ್ನು ಕಟ್ಟುತ್ತಾರಂತೆ, ಮುಂದಿನ ಸೀಸನ್ನಿನಿಂದ ತಂಡ ಪೂರ್ವದ ತುದಿಯಲ್ಲಿ ಇನ್ಯಾವುದೋ ತಂಡದ ಮೈದಾನದಲ್ಲಿ ಆಡುತ್ತದಂತೆ. "ನೀನು ಕಂಪ್ಯೂಟರ್‌ನವನು, ನಿನ್ನ ಇಂಗ್ಲಿಷ್ ಚೆನ್ನಾಗಿದೆ. ಎಂಪಿಗೆ ಒಂದು ಲೆಟರ್ ಬರಿ" ಎಂದರು.

ಅವರು ಹೋದ ಮೇಲೆ ನನ್ನ ಹೆಂಡತಿ ಸುಧಾ ಶುರು ಮಾಡಿದಳು. "ಊರು ಬಿಟ್ಟು ಹೋಗ್ತಿದೆ ಅಂತ ಇಷ್ಟು ಗೋಳಾಡ್ತೀರಲ್ಲ, ಈ ದೇಶಾನೇ ಒಂದು ಊರು ಕಣ್ರೀ. ಎಂಆರ್‌ಟಿ ರೈಲು ಹತ್ತಿದ್ರೆ ಒಂದು ಗಂಟೆ. ವೈಟ್‌ಫೀಲ್ಡಿಂದ ರಾಜಾಜಿನಗರಕ್ಕೆ ಅದಕ್ಕಿಂತ ಜಾಸ್ತಿ ಆಗತ್ತೆ, ಅದಕ್ಕೆ ಯಾರಾದ್ರೂ ಪಿಟಿಷನ್ ಹಾಕ್ತಾರಾ?"

"ಅಂಕಲ್ ಮಂಡಿ ನೋಡಿದೀಯಾ? ಲಿಫ್ಟ್ ತನಕ ಬರೋದೇ ಕಷ್ಟ" ಎಂದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ನಾನು ಗೆದ್ದ ಸಂಭ್ರಮದಲ್ಲಿ ಲ್ಯಾಪ್‌ಟಾಪ್ ತೆರೆದು ಮೂರು ಪುಟ ಬರೆದೆ. ಪ್ರಜೆಗೆ ನೆಲ ಬೇಕು, ಸೂರು ಬೇಕು, ಅದರ ಜೊತೆಗೆ ಕೂಗಾಡಲು ಒಂದು ಜಾಗವೂ ಬೇಕು, ಅದನ್ನು ಉಳಿಸಿಕೊಡುವುದು ಸರ್ಕಾರದ ಕರ್ತವ್ಯ ಎಂದೆಲ್ಲ. ಓದಿಕೊಂಡಾಗ ನನಗೇ ಕಣ್ಣು ತುಂಬಿತು.

ಇಲ್ಲಿ ಎಂಪಿಗಳು ವಾರಕ್ಕೊಂದು ಸಂಜೆ ಯಾವುದಾದರೂ ಬ್ಲಾಕಿನ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಮೇಜು ಹಾಕಿಕೊಂಡು ಜನರ ಅಹವಾಲು ಕೇಳುತ್ತಾರೆ. ನಾವಿಬ್ಬರೂ ನಂಬರ್ ಚೀಟಿ ಹಿಡಿದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತೆವು. ನಮ್ಮ ಮುಂದೆ ಒಬ್ಬ ಅಜ್ಜಿ, ಮಲಗುವ ಕೋಣೆಯ ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆಯೆಂದು ಒದ್ದೆ ದಿಂಬನ್ನೇ ತಂದಿದ್ದಳು. ಅವಳ ಪಕ್ಕದಲ್ಲೊಬ್ಬ, ಹೆಂಡತಿಗೆ ಇಲ್ಲಿರಲು ಪಾಸ್ ಸಿಗದೆ ಎರಡು ವರ್ಷದಿಂದ ಅಲೆಯುತ್ತಿರುವವನು. "ನಿಮ್ಮದೇನು?" ಎಂದು ಅವನು ಕೇಳಿದ. "ಫುಟ್‌ಬಾಲ್" ಎಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ನಾನು ಆ ಮೂರು ಪುಟಗಳನ್ನು ಮಡಚಿ ಮಡಚಿ ಬಸ್ ಟಿಕೆಟ್ಟಿನಷ್ಟು ಮಾಡಿದೆ.

ಎಂಪಿ ಒಳ್ಳೆಯವರು, ದಣಿದಿದ್ದರು. ಬಿಡಿಸಿಕೊಟ್ಟ ಕಾಗದವನ್ನು ಪೂರ್ತಿ ಓದಿದರು. ಆಮೇಲೆ ಹೊರಗಿನ ಕುರ್ಚಿಗಳ ಕಡೆ ಕಣ್ಣು ಹಾಯಿಸಿ, "ಅಲ್ಲಿ ಕೂತಿರೋರಲ್ಲಿ ಅರ್ಧ ಜನ ಮನೆಗೋಸ್ಕರ ಬಂದಿದಾರೆ. ಮೈದಾನ ಉಳಿಸಿದರೆ ಅವರಿಗೆ ನಾನು ಏನು ಹೇಳಲಿ?" ಎಂದರು. ಅಲ್ಲಿಗೇ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಅವರು ಇನ್ನೂ ಮೆತ್ತಗೆ ಕೇಳಿದರು: "ಈ ಸೀಸನ್ನಿನಲ್ಲಿ ನೀವು ಎಷ್ಟು ಮ್ಯಾಚ್ ನೋಡಿದಿರಿ?"

ಲಿಮ್ ಅಂಕಲ್, "ಎಲ್ಲ" ಎಂದರು.

ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ನಾಲ್ಕು. ಅದರಲ್ಲೊಂದು, ಸುಧಾಳ ಅತ್ತಿಗೆ ಮನೆಗೆ ಬಂದಿದ್ದ ಸಂಜೆ ತಪ್ಪಿಸಿಕೊಳ್ಳಲು ಹೋದದ್ದು. "ಆದಷ್ಟೂ ಬರ್ತೀನಿ" ಎಂದೆ. ಎಂಪಿ ನಕ್ಕು ಏನೋ ಬರೆದುಕೊಂಡರು. ಮೂರು ವಾರಕ್ಕೆ ಪತ್ರ ಬಂತು. ನಿಮ್ಮ ಕಳಕಳಿಗೆ ವಂದನೆಗಳು, ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ. ಅಷ್ಟು ಸಭ್ಯವಾದ ಪತ್ರದ ಮೇಲೆ ಜಗಳ ತೆಗೆಯುವುದಾದರೂ ಹೇಗೆ? ಲಿಮ್ ಅಂಕಲ್ ಅದನ್ನು ಎರಡು ಸಲ ಓದಿಸಿಕೊಂಡು, "ಅಂದರೆ ಆಗಲ್ಲ ಅಂತಾನಾ?" ಎಂದರು. "ಹೌದು ಅಂಕಲ್" ಎಂದೆ.

ಕೊನೆಯ ಮ್ಯಾಚಿನ ದಿನ ಗ್ಯಾಲರಿ ಮುಕ್ಕಾಲು ತುಂಬಿತ್ತು. ಸಾವಿನ ಮನೆಗೆ ಎಲ್ಲರೂ ಬರುತ್ತಾರಲ್ಲ, ಹಾಗೆ. ಹತ್ತು ನಿಮಿಷ ಆಡಿದ್ದರೋ ಇಲ್ಲವೋ ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿತು. ಆಟಗಾರರು ಒಳಗೆ ಓಡಿದರು. ಒಂದು ಗಂಟೆ ಕಾದೆವು, ಬಂದವರಲ್ಲಿ ಅರ್ಧ ಜನ ಎದ್ದುಹೋದರು. ಮತ್ತೆ ಶುರುವಾದಾಗ ನಮ್ಮವರು ಮೂರು ಗೋಲಿನಿಂದ ಸೋತರು. ಲಿಮ್ ಅಂಕಲ್ ಎಲ್ಲರೂ ಹೋಗುವ ತನಕ ಕುಳಿತಿದ್ದರು. ಅವರ ಬೆನ್ನ ಮೇಲೆ ಕೈಯಿಟ್ಟು ನಾನು ಬಾಯಿಬಿಟ್ಟೆ: "ಅಂಕಲ್, ಮುಂದಿನ ಸೀಸನ್ ನಾನೇ ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ಪ್ರತಿ ಶನಿವಾರ."

"ಪ್ರಾಮಿಸ್ ಲಾ?"

"ಪ್ರಾಮಿಸ್."

ಹೊಸ ಸೀಸನ್ ಶುರುವಾಯಿತು. ಮೊದಲ ಶನಿವಾರ ಒನ್-ನಾರ್ತ್‌ನ ನಮ್ಮ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು, ನಿಜವಾಗಿಯೂ ಇತ್ತು. ಎರಡನೆಯದಕ್ಕೆ ನೆಗಡಿ, ಅರ್ಧ ನಿಜ. ಮೂರನೆಯದಕ್ಕೆ ಕೊಟ್ಟ ಕಾರಣ ನನಗೇ ನೆನಪಿಲ್ಲ. "ಪರವಾಗಿಲ್ಲ, ನಿಧಾನ ಹೋಗ್ತೀನಿ" ಎಂದು ಅಂಕಲ್ ಮಂಡಿ ಹಿಡಿದುಕೊಂಡು ಹೋದರು. ಆ ಸಂಜೆ ಸೋಫಾದಲ್ಲಿ ಕಾಲು ಚಾಚಿಕೊಂಡು, ಪಾಪಪ್ರಜ್ಞೆಗೆ ಪರಿಹಾರವೆಂಬಂತೆ ಫೋನಿನಲ್ಲಿ ಮ್ಯಾಚ್ ಹಾಕಿದೆ. ಚೆಂಡು ಹೊರಗೆ ಹೋದಾಗ ಕ್ಯಾಮೆರಾ ಗ್ಯಾಲರಿಯತ್ತ ತಿರುಗಿತು. ಸಾಲುಗಟ್ಟಲೆ ಖಾಲಿ ಕುರ್ಚಿಗಳು, ನಡುವೆ ಲಿಮ್ ಅಂಕಲ್. ಕೈಯಲ್ಲಿ ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದ ಕಾಫಿ. ಪಕ್ಕದ ಕುರ್ಚಿಯ ಕೈಗೆ ಅಂಥದೇ ಇನ್ನೊಂದು ಚೀಲ ನೇತುಹಾಕಿದ್ದರು.

ಸುಧಾ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. "ಅದೇನ್ರೀ, ಅಂಕಲ್ ಒಬ್ಬರಿಗೇ ಎರಡು ಕಾಫಿ?"

"ವಯಸ್ಸಾದವರು, ಜಾಸ್ತಿ ಕುಡೀತಾರೆ" ಎಂದು ಫೋನ್ ಮಗುಚಿಟ್ಟೆ.