ಚೆಂಚಾಳ ಮನೆಯ ಲೆಕ್ಕಕ್ಕಿಲ್ಲದ ಗಂಡಸು

ಚೆಂಚಾ: ಪೊರಕೆ ಬಿಡ್ರೀ ಅಂದೆ!

ಎಂಜಿನಿಯರ್: ಬಿಡೋದಿಲ್ಲ ಅಮ್ಮಾ. ಇನ್ನು ಮೂರು ವಾರ ಈ ಪೊರಕೆ ನನ್ನದು.

ಚೆಂಚಾ: ನಿಮ್ಮದಾಗೋಕೆ ಇದನ್ನ ಕಟ್ಟಿದೋರು ನೀವಾ? ನೀರು ಚಿಮುಕಿಸದೆ ಗುಡಿಸ್ತಾ ಇದೀರಲ್ಲ, ಧೂಳೆಲ್ಲ ನನ್ನ ಹಿಟ್ಟಿಗೆ ಬೀಳ್ತಾ ಇದೆ. ಅಷ್ಟಕ್ಕೂ ಯಾರು ನೀವು?

ಊರಿನವರು ಗೌರವದಿಂದ 'ದೋನ್ಯಾ' ಅನ್ನುವ ಚೆಂಚಾ ಆ ಮನುಷ್ಯನನ್ನು ಮೊಟ್ಟಮೊದಲು ಕಂಡದ್ದು ಹೀಗೆ. ಗುರುವಾರ ಬೆಳಿಗ್ಗೆ, ಒಂದೇ ಪೊರಕೆಯ ಎರಡು ತುದಿ ಹಿಡಿದು ಇಬ್ಬರೂ ಜಗ್ಗಾಡುತ್ತ. ಅವಳು ಹಿತ್ತಲಲ್ಲಿ ಟರ್ಕಿ ಕೋಳಿಗಳಿಗೆ ಕಾಳು ಹಾಕಿ ಬರುವಷ್ಟರಲ್ಲಿ ಆತ ಅಂಗಳಕ್ಕೆ ಇಳಿದುಬಿಟ್ಟಿದ್ದ. ಕೆಂಪಗೆ, ದುಂಡಗೆ ಇದ್ದ; ಮೈಮೇಲೆ ಎದೆತುಂಬ ಅಕ್ಷರ ಬರೆದ ಹಸಿರು ಬನಿಯನ್ನು. ಬೇಲಿಗೆ ಒರಗಿಕೊಂಡು ಊರ ಗುಮಾಸ್ತ ನಾಬೋರ್ ನಗುತ್ತಿದ್ದ, ಕಂಕುಳಲ್ಲಿ ಊರಪುಸ್ತಕ, ಕಿವಿಯ ಮೇಲೆ ಪೆನ್ಸಿಲು. ಅವನ ಜ್ಞಾನಸ್ನಾನದ ದಿನ ಪಾದ್ರಿಯ ಮುಂದೆ ಅವನನ್ನು ಎತ್ತಿ ಹಿಡಿದಿದ್ದವಳು ಚೆಂಚಾ. ಅಂದಿನಿಂದ ಅವಳು ಅವನಿಗೆ ಅವ್ವ.

ನಾಬೋರ್: ಮೊಂತೆರ್ರೇ ಪಟ್ಟಣದಿಂದ ಬಂದಿದಾರೆ ಅವ್ವಾ. ಎಂಜಿನಿಯರ್ ಬಾಲ್ತಸಾರ್ ಅಂತ. ಲಿಫ್ಟ್ ಕಂಪನೀಲಿದ್ದು ರಿಟೈರಾದೋರು. ಹಳ್ಳಿಗಳಿಗೆ ಸಹಾಯ ಮಾಡೋ ಸಂಸ್ಥೆ ಒಂದು ಐದು ಜನಾನ ಕಳಿಸಿದೆ. ಐದು ಮನೆ ಬೇಕಿತ್ತು.

ಚೆಂಚಾ: ಲಿಫ್ಟೇ? ನಮ್ಮೂರಲ್ಲಿ ಚರ್ಚಿನ ಗಂಟೆ ಬಿಟ್ರೆ ಮೇಲಿರೋದು ಇನ್ನೇನಿದೆಯೋ?

ಎಂಜಿನಿಯರ್: ಅದಕ್ಕಲ್ಲ ಅಮ್ಮಾ. ಮನೆಗೆಲಸದಲ್ಲಿ ಕೈ ಜೋಡಿಸೋಕೆ. ಗುಡಿಸೋದು, ತೊಳೆಯೋದು, ನೀರು ತರೋದು. ಇನ್ನು ಮೇಲೆ ನೀವು ಸುಮ್ನೆ ಕೂತಿರಬೇಕು.

ಚೆಂಚಾ: ಕೂತ್ಕೊಂಡು ಏನು ಮಾಡ್ಲಿ?

ಆತ ಸಂಸ್ಥೆಯವರು ಕೊಟ್ಟಿದ್ದ ಕಾಗದ ಜೇಬಿನಿಂದ ತೆಗೆದು ಎರಡೂ ಬದಿ ತಿರುವಿ ನೋಡಿದ.

ಚೆಂಚಾ: ಎದೆ ಮೇಲೆ ಏನದು ಬರೆದಿರೋದು?

ನಾಬೋರ್: 'ಮೆಕ್ಸಿಕೋದ ಹಳ್ಳಿಗಳಿಗೆ ನನ್ನ ಎರಡು ಕೈ.'

ಚೆಂಚಾ: ಹೊಟ್ಟೆ ವಿಚಾರ ಏನಾದ್ರೂ ಬರೆದಿದೆಯಾ ನೋಡು. ರೊಟ್ಟಿ ಎಷ್ಟು ತಟ್ಟಬೇಕು ಅಂತ ತಿಳೀಬೇಕಲ್ಲ.

ನಾಬೋರ್ ಪುಸ್ತಕ ಬಿಚ್ಚಿದ. ಊರಿಗೆ ಯಾರೇ ಬಂದರೂ ಬರೆದುಕೊಳ್ಳುವುದು ಅವನ ಕೆಲಸ.

ನಾಬೋರ್: ತಮ್ಮ ವಯಸ್ಸು ಅರವತ್ತು ದಾಟಿದೆಯಾ?

ಎಂಜಿನಿಯರ್: ಅರವತ್ತಾ! ಐವತ್ತೆಂಟು ಕಣಯ್ಯಾ. ನೋಡಿದೋರು ಐವತ್ತೂ ಕೊಡಲ್ಲ. ಬಾ, ಕೈ ಮಡಿಸ್ತೀನಿ, ತೋಳು ಮುಟ್ಟಿ ನೋಡು.

ನಾಬೋರ್ ತೋಳು ಮುಟ್ಟಿ ನೋಡಿ, ತಲೆಯಾಡಿಸಿ ಬರೆದುಕೊಂಡ. ಆಮೇಲೆ ಪೆನ್ಸಿಲನ್ನು ತಿರುಗಿಸಿ, ಹಿಂಬದಿಯ ರಬ್ಬರಿನಿಂದ ಏನನ್ನೋ ಉಜ್ಜಿದ. ಚೆಂಚಾ ಅದನ್ನು ಕಂಡಳು. ಆದರೆ ಹಿಟ್ಟಿನೊಳಗಿನ ಧೂಳು ಆರಿಸುವ ಗಡಿಬಿಡಿಯಲ್ಲಿ ಏನು ಎತ್ತ ಕೇಳಲಿಲ್ಲ.

ಶನಿವಾರ.

ಚೆಂಚಾ: ರೊಟ್ಟಿ ಹೆಂಚು ಯಾಕೆ ನೊರೆ ಕಾರ್ತಾ ಇದೆ?

ಎಂಜಿನಿಯರ್: ತಿಕ್ಕಿ ತೊಳೆದೆ! ನಿಂಬೆ ವಾಸನೆ ಸೋಪು, ನಾನೇ ಊರಿಂದ ತಂದಿದ್ದು. ಎಷ್ಟು ಮಸಿ ಹೋಯ್ತು ಗೊತ್ತಾ?

ಚೆಂಚಾ: ಅದು ಮಣ್ಣಿನ ಹೆಂಚು ಸ್ವಾಮಿ. ಸುಣ್ಣ ಬಳಿದು ಬಳಿದು ಎರಡು ವರ್ಷ ಪಳಗಿಸಿದ್ದೆ. ಸೋಪನ್ನೆಲ್ಲ ಒಳಗೆ ಕುಡಿದುಬಿಟ್ಟಿದೆ. ಇನ್ನು ರೊಟ್ಟಿ ಹಾಕಿದ್ರೆ ಮೇಲೇಳಲ್ಲ. ಎದ್ದರೂ, ತಿಂದೋರಿಗೆ ಸ್ನಾನ ಮಾಡಿದ ಹಾಗಾಗುತ್ತೆ.

ಎಂಜಿನಿಯರ್: ಶುಚಿಯಾಗಿರೋದು ಒಳ್ಳೇದಲ್ವಾ ಅಮ್ಮಾ?

ಚೆಂಚಾ: ಗೋಡೆ ಮೇಲೆ ಕುಂಬಳದ ಬೀಜ ಒಣಗ್ತಾ ಇತ್ತಲ್ಲ, ಎಲ್ಲಿ?

ಎಂಜಿನಿಯರ್: ಹುರಿದೆ! ಉಪ್ಪು, ಒಂಚೂರು ಖಾರದ ಪುಡಿ. ನಿಮಗೂ ಒಂದು ಹಿಡಿ ಎತ್ತಿಟ್ಟಿದೀನಿ.

ಚೆಂಚಾ: ಬಿತ್ತನೆ ಬೀಜ ಅದು.

ಎಂಜಿನಿಯರ್ (ಅಗಿಯುತ್ತಲೇ): ಅದಕ್ಕೇ ಇಷ್ಟು ರುಚಿ.

ಚೆಂಚಾ ಕೂಗಾಡಲಿಲ್ಲ. ಕೂಗಾಡಿದರೆ ಬೀಜ ಹೊಟ್ಟೆಯಿಂದ ಎದ್ದು ಬರುವುದಿಲ್ಲವಲ್ಲ. ಸುಣ್ಣದಲ್ಲಿ ಬೇಯಿಸಿದ ಮೆಕ್ಕೆಜೋಳ ತೊಳೆದುಕೊಂಡು ಕೈಮಿಲ್ಲಿನ ಮುಂದೆ ಕೂತಳು. ಆ ಮಿಲ್ಲು ಅವಳ ಗಂಡ ತಿಬುರ್ಸಿಯೋ ಸತ್ತ ವರ್ಷದಿಂದ, ಅಂದರೆ ಹನ್ನೊಂದು ವರ್ಷದಿಂದ, ಪ್ರತಿ ಸುತ್ತಿಗೂ ಹಂದಿಮರಿಯ ಹಾಗೆ ಕಿರುಚುತ್ತಿತ್ತು. ನಾಬೋರನ ಹೆಂಡತಿ ಬೆಳಗಾಗೆದ್ದು ಒಲೆ ಹಚ್ಚುವುದು ಆ ಸದ್ದು ಕೇಳಿಯೇ.

ಎಂಜಿನಿಯರ್: ಕೈ ತೆಗೀರಿ ಅಮ್ಮಾ.

ಚೆಂಚಾ: ಇದನ್ನೂ ತೊಳೀತೀರಾ?

ಆತ ಮಿಲ್ಲು ಬಿಚ್ಚಿದ, ಮೂಗಿನ ಹತ್ತಿರ ಹಿಡಿದು ನೋಡಿದ, ತನ್ನ ಸೊಂಟದ ಬೆಲ್ಟಿನ ತುದಿ ಬೆರಳಗಲ ಕೊಯ್ದು ಒಳಗೆ ತೊಡಿಸಿ ತಿರುಗಿ ಜೋಡಿಸಿದ. ಹತ್ತು ನಿಮಿಷ ಆಗಿರಬಹುದು. ಚೆಂಚಾ ಒಂದು ಸುತ್ತು ತಿರುಗಿಸಿದಳು. ಸದ್ದಿಲ್ಲ. ಇನ್ನೊಂದು ಸುತ್ತು. ಮೂರು ಹಿಡಿ ಕಾಳು ಬೆಣ್ಣೆಯ ಹಾಗೆ ಇಳಿಯಿತು.

ಎಂಜಿನಿಯರ್: ಹೇಗಿದೆ?

ಚೆಂಚಾ: ತಿರುಗುತ್ತೆ.

ಎಂಜಿನಿಯರ್: ಅಷ್ಟೇನಾ?

ಚೆಂಚಾ: ಮಿಲ್ಲು ಇನ್ನೇನು ಮಾಡಬೇಕು?

ಮೂರನೆಯ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಊರಸಭೆ. ಅರ್ಧ ಸಭೆಯಿಂದ ಎದ್ದು ನಾಬೋರ್ ಚೆಂಚಾಳ ಬೇಲಿಯ ಹತ್ತಿರ ಓಡಿಬಂದ.

ನಾಬೋರ್: ಅವ್ವಾ, ನಿಮ್ಮ ಮನೆಗೆ ಊರಕಾವಲು ಬಂತು! ಒಂದು ವರ್ಷ!

ಎಂಜಿನಿಯರ್: ಆಹಾ! ಗೌರವ ಹುದ್ದೆಯಾ? ಸರ್ಟಿಫಿಕೇಟು ಕೊಡ್ತೀರಾ?

ನಾಬೋರ್: ಕೋಲು ಕೊಡ್ತೀವಿ. ಕುಡಿದು ಬಿದ್ದೋರನ್ನ ಎಬ್ಬಿಸಬೇಕು, ಸಭೆಗೆ ಮನೆಮನೆ ಹೋಗಿ ಕರೀಬೇಕು, ಲಾಕಪ್ಪಿನ ಬೀಗದಕೈ ಕಾಯಬೇಕು.

ಎಂಜಿನಿಯರ್: ಆದರೆ ಶನಿವಾರ ನನ್ನ ಬಸ್ಸು...

ನಾಬೋರ್: ಹೋಗಿಬನ್ನಿ. ಸರದಿ ನಿಮ್ಮದಲ್ಲವಲ್ಲ, ಮನೇದು. ನೀವಿಲ್ಲದಿದ್ರೆ ಅವ್ವ ಹಿಡೀತಾಳೆ ಕೋಲು.

ಎಂಜಿನಿಯರ್: ಎಪ್ಪತ್ತಮೂರು ವರ್ಷದ ಮುದುಕಿ!

ನಾಬೋರ್: ಹಿಡೀದಿದ್ರೆ ಮನೆ ನಲ್ಲಿ ಬಂದ್. ಅದು ನಾನು ಮಾಡಿದ ಕಾನೂನಲ್ಲ.

ಚೆಂಚಾ: ನಾಬೋರಾ, ಪುಸ್ತಕ ತಾ ಇಲ್ಲಿ. ನನ್ನ ಸೊನ್ನೆ ಎಲ್ಲಿ?

ಚೆಂಚಾಳಿಗೆ ಓದಲು ಬರುವುದು ಎರಡೇ: ತನ್ನ ಹೆಸರಿನ ಮೊದಲ ಅಕ್ಷರ, ಅದರ ಪಕ್ಕದ ಸೊನ್ನೆ. ಗಂಡ ಸತ್ತ ವಾರದಲ್ಲಿ 'ಅರವತ್ತು ದಾಟದ ಗಂಡಸರು' ಅನ್ನುವ ಸಾಲಿನ ಕೆಳಗೆ ಆ ಸೊನ್ನೆ ಬರೆಸಿದ್ದಳು. ಸೊನ್ನೆ ಇದ್ದ ಮನೆಯನ್ನು ಭಾನುವಾರದ ಊರಗೆಲಸಕ್ಕೆ ಕರೆಯುವುದಿಲ್ಲ, ವರ್ಷದ ಸರದಿಗೆ ಹೆಸರಿಸುವುದಿಲ್ಲ, ಆದರೂ ನಲ್ಲಿಯಲ್ಲಿ ನೀರು ಬರುತ್ತದೆ. ಈಗ ಸೊನ್ನೆಯ ಜಾಗದಲ್ಲಿ ರಬ್ಬರಿನ ಕೊಳೆ, ಅದರ ಮೇಲೆ ನೆಟ್ಟಗೆ ಒಂದು ಗೀಟು.

ನಾಬೋರ್: ಎರಡು ಕೈ ಬಂದ ಮೇಲೆ ಸೊನ್ನೆ ಹೇಗಿರುತ್ತೆ ಅವ್ವಾ? ಎರಡು ಭಾನುವಾರ ಕಾಲುವೆ ಅಗೆದರು, ನಿಮ್ಮ ಮನೆ ಹೆಸರಿಗೆ ಸಹಿ ಹಾಕಿದರು.

ಚೆಂಚಾ: ಸಹಿ ಹಾಕಿದ್ರಾ?

ಎಂಜಿನಿಯರ್: ಪುಸ್ತಕ ಮುಂದೆ ಹಿಡಿದ್ರೆ ಸಹಿ ಹಾಕೋದು ನನಗೆ ಅಭ್ಯಾಸ ಅಮ್ಮಾ.

ಚೆಂಚಾ: ಸಭೆ ಎದ್ದಿಲ್ಲ ತಾನೆ? ನಡೀರಿ ಇಬ್ಬರೂ.

ಪಂಚಾಯ್ತಿ ಕಟ್ಟಡದ ಜಗಲಿಯಲ್ಲಿ ಅರವತ್ತು ಟೋಪಿಗಳು ಕೂತಿದ್ದವು. ನಡುವೆ ಊರ ಮುಖ್ಯಸ್ಥ ದೋನ್ ಅಬುಂದಿಯೋ. ಚೆಂಚಾ ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ಎದುರಿಗೆ ನಿಂತಳು.

ಚೆಂಚಾ: ನನ್ನ ಮನೆಗೆ ಗಂಡಸು ಬಂದಿಲ್ಲ.

ಮುಖ್ಯಸ್ಥ: ಪಕ್ಕದಲ್ಲಿ ನಿಂತಿರೋದು ಏನು ದೋನ್ಯಾ ಚೆಂಚಾ?

ಚೆಂಚಾ: ಅತಿಥಿ. ಮನೆ ಕೆಲಸ ಹಗುರ ಮಾಡೋನೇ ಗಂಡಾಳು ಅಂತ ಕಾನೂನು ಹೇಳುತ್ತೆ. ಇವರು ಮಾಡಿದ್ದು ಏನು ಅಂತ ಕೇಳಿ. ಹೆಂಚಿಗೆ ಸೋಪು ಹಾಕಿದರು. ಬಿತ್ತನೆ ಬೀಜ ಹುರಿದು ತಿಂದರು. ದಿನಕ್ಕೆ ಹದಿನಾಲ್ಕು ರೊಟ್ಟಿ, ಭಾನುವಾರ ಹದಿನಾರು. ನನ್ನ ಕೆಲಸ ಕಡಿಮೆ ಆಗಿಲ್ಲ, ಒಂದೂವರೆ ಪಾಲು ಆಗಿದೆ.

ಎಂಜಿನಿಯರ್: ಅಮ್ಮಾ, ಇದು ಅನ್ಯಾಯ! ಕಾಲುವೆ ಯಾರು ಅಗೆದಿದ್ದು? ದಾರ ಕಟ್ಟಿ, ಕಡ್ಡಿ ಇಟ್ಟ ಹಾಗೆ ನೆಟ್ಟಗೆ!

ಚೆಂಚಾ: ಹೌದು ಸ್ವಾಮಿ. ನಮ್ಮ ಹಿರಿಯರು ಬಂಡೆ ಸುತ್ತಿಸಿ ಕಾಲುವೆ ತಿರುಗಿಸಿದ್ದರು. ಇವರು ನೆಟ್ಟಗೆ ಮಾಡಿದರು. ನೀರು ಈಗ ನೆಟ್ಟಗೆ ಎಲ್ಲಿಗೆ ಹೋಗ್ತಾ ಇದೆ ನಾಬೋರಾ?

ನಾಬೋರ್ (ನೆಲ ನೋಡುತ್ತ): ನಮ್ಮ ಕೋಳಿಗೂಡಿಗೆ.

ಟೋಪಿಗಳು ಅಲುಗಾಡಿದವು.

ನಾಬೋರ್: ಆದರೆ ಅವ್ವಾ, ಹದಿನೈದು ದಿನದಿಂದ ನಿಮ್ಮ ಮಿಲ್ಲಿನ ಸದ್ದೇ ಇಲ್ಲ. ನನ್ನ ಹೆಂಡತಿ ಏಳೋದು ತಡ ಆಗ್ತಾ ಇದೆ. ರಿಪೇರಿ ಏನಾದ್ರೂ...

ಎಂಜಿನಿಯರಿನ ಎದೆ ಉಬ್ಬಿತು, ಬಾಯಿ ತೆರೆಯಿತು. ಚೆಂಚಾ ಆತನ ಪಾದದ ಮೇಲೆ ತನ್ನ ಪಾದ ಇಟ್ಟು ಭಾರ ಬಿಟ್ಟಳು.

ಚೆಂಚಾ: ಬೀಸಿದ ಹಿಟ್ಟನ್ನ ಹಾಕೋಕೆ ಹೆಂಚಿದೆಯಾ ಅಂತ ಕೇಳು ಮೊದಲು.

ಮುಖ್ಯಸ್ಥ: ಎಂಜಿನಿಯರ್ ಸಾಹೇಬರೇ, ಮಾತು ಸರಳ. ನೀವು ಕೆಲಸದೋರಾದ್ರೆ ಕೋಲು ತಗೊಳ್ಳಿ. ಏನೂ ಕೆಲಸ ಮಾಡಿಲ್ಲ ಅಂದ್ರೆ ಹೇಳಿಬಿಡಿ, ಸೊನ್ನೆ ವಾಪಸ್ಸು ಬರೀತೀವಿ, ಶನಿವಾರ ಬಸ್ಸು ಹತ್ತಿ.

ಒಂದೇ ಒಂದು ಮಾತು ಸಾಕಿತ್ತು. ಆದರೆ ಆತ ಎರಡೂ ಅಂಗೈ ಎತ್ತಿ ಸಭೆಗೆ ತೋರಿಸಿದ.

ಎಂಜಿನಿಯರ್: ಕೆಲಸ ಮಾಡಿಲ್ಲ ಅಂತ ಹೇಗೆ ಹೇಳ್ಲಿ? ಮೂವತ್ತೈದು ವರ್ಷ ದುಡಿದ ಕೈ ಇದು! ಮಾಡಿದೀನಿ, ಚೆನ್ನಾಗೇ ಮಾಡಿದೀನಿ. ಆದರೆ ಒಂದು ವರ್ಷ ಇರೋಕಾಗಲ್ಲ. ಮನೇಲಿ ನಾನಿಲ್ಲದಿದ್ರೆ ಒಂದು ಕಡ್ಡಿ ಅಲ್ಲಾಡಲ್ಲ. ಬೇಕಾದ್ರೆ ನನ್ನ ಹೆಂಡತಿ ಗ್ರಾಸಿಯೇಲಾನ ಕೇಳಿ!

ಆತನೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಮುಖ್ಯಸ್ಥ ವಿಷಯ ವಿವರಿಸಿದ.

ಗ್ರಾಸಿಯೇಲಾ: ಒಂದು ವರ್ಷವೇ? ಎರಡು ಇಟ್ಕೊಳ್ಳಿ.

ಸಭೆ ಚಪ್ಪಾಳೆ ತಟ್ಟಿತು. ನಾಬೋರ್ ಕೋಲು ತರಲು ಎದ್ದೇಬಿಟ್ಟ. ಎಂಜಿನಿಯರಿನ ಮುಖ ಸುಣ್ಣ ಬಳಿದ ಹೆಂಚು. ಚೆಂಚಾ ಮಾತ್ರ ಮೇಜಿನ ಹತ್ತಿರ ಬಂದು ಫೋನಿಗೆ ಬಾಗಿದಳು. ಈತ ಉಳಿದರೆ ವರ್ಷಪೂರ್ತಿ ಹದಿನಾಲ್ಕು ರೊಟ್ಟಿ. ನಡುವೆ ಓಡಿಹೋದರೆ ಕೋಲು ತನ್ನ ಕೈಗೆ. ಎರಡೂ ಅವಳಿಗೆ ಬೇಡವಾಗಿತ್ತು.

ಚೆಂಚಾ: ತಾಯೀ, ಇವರು ಇಲ್ಲಿ ದಿನಾ ಗುಡಿಸ್ತಾರೆ. ಅಲ್ಲಿ?

ಗ್ರಾಸಿಯೇಲಾ: ಗುಡಿಸ್ತಾರಂತೆ, ಫೋಟೋ ಬರ್ತಾ ಇದೆ. ನಮ್ಮ ಬೀದಿಯೋರೆಲ್ಲ ನೋಡಿ ಬಂದು ನನ್ನ ಕೈ ಕುಲುಕ್ತಾರೆ. ನಮ್ಮನೇಲಿ ಪೊರಕೆ ಎಲ್ಲಿರುತ್ತೆ ಅಂತ ಅವರನ್ನೇ ಕೇಳಿ.

ಮುಖ್ಯಸ್ಥ: ಎಲ್ಲಿರುತ್ತೆ ಸಾಹೇಬರೇ?

ಎಂಜಿನಿಯರ್: ಅದು... ಅಡುಗೆಮನೆ ಬಾಗಿಲ ಹಿಂದೆ.

ಗ್ರಾಸಿಯೇಲಾ: ಪೊರಕೆ ಇಲ್ಲ. ನಾಲ್ಕು ವರ್ಷ ಆಯ್ತು ಧೂಳು ಎಳೆಯೋ ಮಿಷನ್ನು ತಂದು. ಮೂವತ್ತೊಂದು ವರ್ಷದಲ್ಲಿ ಅವರು ಕುಡಿದ ಲೋಟ ತಾನಾಗಿ ಸಿಂಕಿಗೆ ಹೋಗಿದ್ದನ್ನ ನಾನು ಕಂಡಿಲ್ಲಮ್ಮಾ. ನಾನು ಸೊಂಟ ಹಿಡ್ಕೊಂಡು ಮಲಗಿದ್ದಾಗ ಹಾಲು ಕಾಯಿಸೋದು ಹೇಗೆ ಅಂತ ಹಾಸಿಗೆ ಹತ್ರ ಬಂದು ಕೇಳಿದ್ರು, ನಾಲ್ಕು ಸಲ. ನಿಮಗೆ ಸಹಾಯ ಮಾಡೋಕೆ ಹೊರಟಾಗ ಅವರ ಪೆಟ್ಟಿಗೆ ತುಂಬಿದ್ದೂ ನಾನೇ.

ಫೋನು ಕಟ್ಟಾಯಿತು. ಅರವತ್ತು ಟೋಪಿಗಳ ಕೆಳಗಿದ್ದವರು ತಂತಮ್ಮ ಮನೆಯ ಪೊರಕೆ ಎಲ್ಲಿರುತ್ತದೆಂದು ಯೋಚಿಸುತ್ತಿದ್ದಂತಿತ್ತು.

ಮುಖ್ಯಸ್ಥ (ಗಂಟಲು ಸರಿಮಾಡಿಕೊಂಡು): ಸಾಕ್ಷಿ ಗಟ್ಟಿಯಾಗಿದೆ. ನಾಬೋರ್, ಸೊನ್ನೆ ಬರಿ.

ಚೆಂಚಾ ಪಕ್ಕದಲ್ಲೇ ನಿಂತು ಬರೆಸಿದಳು. ಮೊದಲನೆಯದು ಸ್ವಲ್ಪ ಸೊಟ್ಟಗಿತ್ತು. ಅಳಿಸಿ ಇನ್ನೊಂದು ಬರೆಸಿದಳು.

ಆಮೇಲೆ ಆರು ದಿನ ಎಂಜಿನಿಯರ್ ಪೊರಕೆ ಮುಟ್ಟಲಿಲ್ಲ. ಶನಿವಾರ ಚರ್ಚಿನ ಮುಂದೆ ಬಸ್ಸು ನಿಂತಿತು. ಐದು ಹಸಿರು ಬನಿಯನ್ನುಗಳು ಹತ್ತಿದವು. ಊರಿಗೆ ಊರೇ ಬೀಳ್ಕೊಡಲು ಬಂದಿತ್ತು. ಹೋಗುವವರ ಹೆಸರು ಹೊಡೆದುಹಾಕಲು ನಾಬೋರ್ ಪುಸ್ತಕ ತೆರೆದು ಚೆಂಚಾಳ ಪಕ್ಕದಲ್ಲೇ ನಿಂತಿದ್ದ. ಚೆಂಚಾ ಬಟ್ಟೆಯಲ್ಲಿ ಸುತ್ತಿದ ಹದಿನಾಲ್ಕು ರೊಟ್ಟಿ ಕಿಟಕಿಗೆ ಎತ್ತಿಕೊಟ್ಟಳು. ಪಕ್ಕದ ಮನೆಯಿಂದ ಎರವಲು ತಂದ ಹೆಂಚಿನಲ್ಲಿ ಸುಟ್ಟದ್ದು.

ಚೆಂಚಾ: ದಾರೀಲಿ ತಿನ್ನಿ. ತಿಂದ ಮೇಲೆ ಬಟ್ಟೆ ಒಗೆಯೋದು ನೀವೇ. ಹೆಂಡತಿ ಕೈಗೆ ಕೊಡಬೇಡಿ.

ಎಂಜಿನಿಯರ್: ಅಮ್ಮಾ, ಮೂರು ವಾರ ಇದ್ದೆ. ನನ್ನ ಎರಡು ಕೈಯಿಂದ ಏನೂ ಆಗಲೇ ಇಲ್ವಾ?

ಚೆಂಚಾ ನಾಬೋರನ ಕಡೆ ನೋಡಿದಳು, ಪುಸ್ತಕ ನೋಡಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಚೆಂಚಾ: ಬಸ್ಸು ಹೊರಡ್ತಾ ಇದೆ, ಕೂತ್ಕೊಳ್ಳಿ.

ಬಸ್ಸು ಕದಲಿತು. ನಾಲ್ಕು ಮಾರು ಹೋಗಿರಬೇಕು, ಕಿಟಕಿಯಿಂದ ಅರ್ಧ ಮೈ ಹೊರಗೆ ಬಂತು.

ಎಂಜಿನಿಯರ್: ಅಮ್ಮಾ! ಆ ಮಿಲ್ಲು...

ಚೆಂಚಾ: ಹೋಗಿಬನ್ನಿ, ಹೋಗಿಬನ್ನಿ!

ನಾಬೋರ್ ಮೆಲ್ಲಗೆ ಕಿವಿಯ ಮೇಲಿನ ಪೆನ್ಸಿಲು ತೆಗೆದು, ರಬ್ಬರಿನ ತುದಿ ಕೆಳಗೆ ಮಾಡಿ ಹಿಡಿದ.

ಎಂಜಿನಿಯರ್ (ಊರಿಗೆಲ್ಲ ಕೇಳುವ ಹಾಗೆ): ನನ್ನ ಬೆಲ್ಟು ಕೊಯ್ದು ಸರಿಮಾಡಿದ್ದು, ಅದಾದರೂ ಹೇಳಿ ಅಮ್ಮಾ, ಈಗ ಒಂದು ಚೂರಾದರೂ ಕಿರುಚುತ್ತಾ?