ಜಾಲಿ ಮರದ ಗಾಡಿಗೆ ಬೀಗತಿ ಆರಿಸಿದ ಬ್ಲೇಡು

ನಮ್ಮ ಬೀಗತಿಯನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೋದರೆ ಚಹಾ ಆರುವುದರೊಳಗೆ ಹೊರಗೆ ಬರಬಹುದು. ಗರಗಸದ ಬ್ಲೇಡು ಕೊಳ್ಳಲು ಹೋದರೆ ಮಾತ್ರ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ನಾನು ಬುತ್ತಿ ಇಲ್ಲದೆ ಹೋದವಳು, ಅದಕ್ಕೇ ಹೇಳುತ್ತಿದ್ದೇನೆ.

ಬೀಗತಿ ಎಂದರೆ ನನ್ನ ಸೊಸೆಯ ತಾಯಿ. ಬೈಕುಲ್ಲಾದಲ್ಲಿ ಕಟ್ಟಿಗೆ ಕೊಯ್ಯುವ ಸಣ್ಣ ವರ್ಕ್‌ಶಾಪು ಅವರದು. ಗಂಡ ತೀರಿಕೊಂಡಾಗ ಮಷೀನು ಮಾರಿಬಿಡಿ ಎಂದವರನ್ನೆಲ್ಲ ಬಾಗಿಲ ತನಕ ಕಳಿಸಿಕೊಟ್ಟು ಬಂದು, ಸೆರಗು ಬಿಗಿದು ತಾವೇ ಮಷೀನಿನ ಮುಂದೆ ನಿಂತವರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಕಟ್ಟಿಗೆಯ ವಿದ್ಯೆ ಹತ್ತಿದ್ದು ಅವರಿಂದಲೇ, ಬೇಡವೆಂದರೂ.

ಇದಕ್ಕೆಲ್ಲ ಕಾರಣ ನಮ್ಮಿಬ್ಬರ ಮೊಮ್ಮಗಳು. ಅಂಥ ಕೂಸು ನಾವಿರುವ ದಹಿಸರಿನಲ್ಲಿ ಇನ್ನೊಂದಿಲ್ಲ. ಇದೆ ಎಂದು ನೀವು ತೋರಿಸಿದರೂ ನಾನು ಒಪ್ಪುವುದಿಲ್ಲ. ಆದರೆ ಒಂದೂವರೆ ವರ್ಷ ತುಂಬಿದರೂ ಅವಳು ನಡೆಯಲಿಲ್ಲ. ಡಾಕ್ಟರು ನೋಡಿ, ಕಾಲಿನಲ್ಲಿ ದೋಷವಿಲ್ಲ, ಶಕ್ತಿ ಸಾಲದು, ಏನನ್ನಾದರೂ ಹಿಡಿದು ನಿಂತು ತಳ್ಳಲಿ ಎಂದರು. ಪೇಟೆಯಿಂದ ಮೂರು ಗಾಲಿಯ ಕಟ್ಟಿಗೆ ಗಾಡಿ ತಂದೆವು. ಬಹಳ ಹಗುರ. ಕೂಸು ಹಿಡಿದು ಏಳುವಷ್ಟರಲ್ಲಿ ಅದು ಮುಂದೆ ಓಡಿಹೋಗುತ್ತಿತ್ತು. ಬಿದ್ದು ಬಿದ್ದು ಅವಳು ಗಾಡಿ ಕಂಡರೆ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಳ್ಳತೊಡಗಿದಳು. ಎದುರು ಮನೆಯ ಕಾಕೂ ಮಾತ್ರ, ತಮ್ಮ ಮೊಮ್ಮಗ ಹತ್ತು ತಿಂಗಳಿಗೇ ಓಡುತ್ತಿದ್ದನೆಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಬೀಗತಿ ಬಂದವರು ಕೂಸಿನ ಕಾಲು ಮುಟ್ಟಲಿಲ್ಲ. ಗಾಡಿಯನ್ನು ತಲೆಕೆಳಗು ಮಾಡಿ ನೋಡಿದರು.

"ಕೂಸಿಗೇನೂ ಆಗಿಲ್ರೀ ಅಕ್ಕಾರ. ಈ ಗಾಡೀನ ಪುಕ್ಕಲ ಐತಿ, ಹೆದರಿ ಓಡತೈತಿ. ನಮ್ಮ ಹುಡುಗಿಗೆ ಜಗ್ಗಲಾರದ ಗಾಡಿ ಬೇಕು. ಜಾಲೀದು ಮಾಡ್ತೀನಿ."

"ಒಣಾ ಜಾಲಿ ಕೊಯ್ಯಾಕ ಆಗತೈತೇನ್ರೀ ಬೀಗತ್ಯಾರ?"

"ಯಾಕಾಗೂದಿಲ್ಲ? ಅದೂ ಕಟ್ಟಿಗೀನ ಅಲ್ಲೇನ್ರಿ?"

ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಜಾಲಿ ದಿಮ್ಮಿ ವರ್ಷಗಟ್ಟಲೆ ಒಣಗಿ, ಕಲ್ಲಿನಂತೆ ಗಟ್ಟಿಯಾಗಿ, ಭಾರವಾಗಿ ಕುಳಿತಿತ್ತು. ಇನ್ನು ಅವರ ಬ್ಯಾಂಡ್‌ಸಾ ಮಷೀನಿನ ಬ್ಲೇಡೆಂದರೆ, ಮೇಲೊಂದು ಕೆಳಗೊಂದು ಚಕ್ರಕ್ಕೆ ಬೆಲ್ಟಿನ ಹಾಗೆ ಸುತ್ತುವ ಹಲ್ಲಿನ ಉಕ್ಕಿನ ಪಟ್ಟಿ. ಮೊದಲು ಸಣ್ಣ ಹಲ್ಲಿನದನ್ನು ಹಾಕಿದರು. ಹಲ್ಲಿನ ಸಂದಿಯಲ್ಲಿ ಪುಡಿ ತುಂಬಿಕೊಂಡು, ಜಾಲಿ ಕೊಯ್ಯಿಸಿಕೊಳ್ಳುವ ಬದಲು ಹೊಗೆಯಾಡಿತು. ಪಕ್ಕದ ವೆಲ್ಡಿಂಗ್ ಅಂಗಡಿಯ ಹುಡುಗ ಬಕೆಟ್ ನೀರು ಹಿಡಿದು ಓಡಿಬಂದ. ಎರಡನೆಯದಕ್ಕೆ ಹಲ್ಲು ದೊಡ್ಡವು, ಆದರೆ ಪಟ್ಟಿ ಕಿರಿದು, ಉಕ್ಕು ಸಾದಾ. ಗೇಣು ದೂರ ಹೋಗುವಷ್ಟರಲ್ಲಿ ಮೊಂಡಾಗಿ, ಕುಡಿದವರ ಹಾಗೆ ಅಡ್ಡಾದಿಡ್ಡಿ ನಡೆಯಿತು. ಹೊರಬಂದ ಹಲಗೆ ಒಂದು ತುದಿಗೆ ಮಣೆ, ಇನ್ನೊಂದು ತುದಿಗೆ ಹಪ್ಪಳ.

"ಮೌಶಿ, ಸಾಗವಾನ್ ಲೇ ಲೋ," ಎಂದ ವೆಲ್ಡಿಂಗಿನ ಹುಡುಗ.

"ನಿನ್ನ ಲಗ್ನದ ಕಪಾಟಕ್ಕ ಸಾಗವಾನಿ ತಗೋತೀನಿ. ಇದು ಜಾಲೀದ ಆಗಬೇಕು," ಎಂದು ಅವನಿಗೆ ತಿಳಿಯದ ಕನ್ನಡದಲ್ಲೇ ಬೀಗತಿ ಉತ್ತರಿಸಿದರು. ತಿಳಿಯಲಿಲ್ಲವೆಂದು ಯಾರು ಹೇಳಿದರು? ಆತ ಬಕೆಟ್ ತೆಗೆದುಕೊಂಡು ಹೊರಟೇಹೋದ.

ಹೀಗಾಗಿ ನಾವಿಬ್ಬರೂ ಗೋರೆಗಾಂವ್‌ಗೆ ಬ್ಲೇಡು ಆರಿಸಲು ಹೋದೆವು. ಅಂಗಡಿಯ ಸೇಠ್ ಇದ್ದಬದ್ದದ್ದನ್ನೆಲ್ಲ ಹರಡಿದ. ಬೀಗತಿ ಒಂದೊಂದನ್ನೂ ಬಾಗಿಸಿ, ಉಗುರಿನಿಂದ ಮೀಟಿ, ಕಿವಿಗೊಟ್ಟು ಕೇಳಿದರು.

"ಮೌಶಿ, ಸಿತಾರ್ ಕೀ ದುಕಾನ್ ಬಾಜೂ ಮೆ ಹೈ," ಎಂದ ಸೇಠ್, ಸಿತಾರಿನ ಅಂಗಡಿ ಪಕ್ಕದ್ದೆಂದು.

"ತೋ ತುಮ್ ಉಧರ್ ಜಾಕೇ ಬೈಠೋ." ಹಾಗಾದರೆ ನೀನೇ ಅಲ್ಲಿ ಹೋಗಿ ಕೂಡು ಎಂದರು ಬೀಗತಿ.

ಮಧ್ಯಾಹ್ನ ಇಳಿಯಿತು. ನನ್ನ ಹೊಟ್ಟೆಯೂ ಸಿತಾರ್ ಬಾರಿಸಿತು. ಕೊನೆಗೆ ಅವರು ಆರಿಸಿದ್ದು ಅಗಲವಾದ ಪಟ್ಟಿ, ದೂರ ದೂರ ಹಲ್ಲು, ಹಲ್ಲಿನ ತುದಿಗೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡಿನ ಚೂರು. ಹಲ್ಲು ದೂರವಿದ್ದರೆ ಪುಡಿ ಉದುರುತ್ತದೆ, ಪಟ್ಟಿ ಅಗಲವಿದ್ದರೆ ದಾರಿ ತಪ್ಪುವುದಿಲ್ಲ, ತುದಿ ಗಟ್ಟಿಯಿದ್ದರೆ ಬೇಗ ಸವೆಯುವುದಿಲ್ಲ. ಈಗ ನನಗೂ ಬಾಯಿಪಾಠ. ನನ್ನ ಮದುವೆಗೆ ಗಂಡನ್ನೂ ಯಾರೂ ಇಷ್ಟು ನೋಡಿ ಆರಿಸಿರಲಿಲ್ಲ.

ಬ್ಲೇಡನ್ನು ಸೇಠ್ ಮೂರು ಸುತ್ತು ಮಡಚಿ ಸುತಳಿ ಕಟ್ಟಿ ಕೊಟ್ಟ. ದಾದರಿನಲ್ಲಿ ಲೋಕಲ್ ರೈಲು ಬದಲಿಸುವಾಗ ಸುತಳಿ ಬಿಚ್ಚಿ, ಚೀಲದೊಳಗೆ ಅದು ಠಣ್ ಎಂದು ಅರಳಿತು. ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ ಏನದು ಎಂದಳು. "ಆರೀ. ಜಂಗಲ್ ಕಾಟನೇವಾಲೀ," ಎಂದರು ಬೀಗತಿ, ಕಾಡು ಕಡಿಯುವ ಗರಗಸವೆಂದು. ಸಂಜೆಯ ಗರ್ದಿಯಲ್ಲಿ ನಮಗೆ ಕಿಟಕಿ ಬದಿಯ ಸೀಟು ಸಿಕ್ಕಿತು.

ಆ ಬ್ಲೇಡು ಜಾಲಿಯನ್ನು ಕೊಯ್ದಿತು. ಬೀಗತಿ ದಬ್ಬಲಿಲ್ಲ. ದಿಮ್ಮಿಯನ್ನು ಬ್ಲೇಡು ಕೇಳಿದಷ್ಟೇ ಮುಂದೆ ಬಿಟ್ಟರು. ಹೊಗೆಯಿಲ್ಲ, ಹಪ್ಪಳವಿಲ್ಲ.

ಗಾಡಿ ನಮ್ಮ ಬಿಲ್ಡಿಂಗಿಗೆ ಬಂದ ದಿನ ಅದನ್ನು ಲಿಫ್ಟಿನಿಂದ ಇಳಿಸುವುದರೊಳಗೆ ನಮ್ಮಿಬ್ಬರ ಸೊಂಟ ಹಿಡಿಯಿತು. ಬಾಗಿಲ ಮುಂದಿನ ಪ್ಯಾಸೇಜಿನಲ್ಲಿ ಇಟ್ಟೆವು. ಕೂಸು ಕೈ ಅಡಗಿಸಿಕೊಂಡಿತು. ಬೀಗತಿ ಗಾಡಿಯನ್ನು ಹಿಡಿದು ಅಲುಗಾಡಿಸಿ ತೋರಿಸಿದರು. "ನೋಡವ್ವಾ, ಓಡೂದಿಲ್ಲ." ಮೊದಲು ಒಂದು ಬೆರಳು ಬಂತು. ಆಮೇಲೆ ಒಂದು ಕೈ. ಆಮೇಲೆ ನನ್ನ ಬಂಗಾರ ಎದ್ದು ನಿಂತಿತು. ಗಾಡಿ ಕದಲಲಿಲ್ಲ.

"ಗಾಡೀಚ್ ಹಲತ್ ನಾಹೀ," ಎಂದರು ಕಾಕೂ ತಮ್ಮ ಬಾಗಿಲಿನಿಂದ. ಗಾಡಿಯೇ ಅಲುಗುವುದಿಲ್ಲವಲ್ಲ, ಕೂಸು ನಡೆಯುವುದೆಂತು?

ಅಷ್ಟರಲ್ಲಿ ಕೂಸು ಮೈಭಾರ ಹಾಕಿತು, ಗಾಡಿ ಅಲುಗಿತು. ನುಣ್ಣನೆಯ ಟೈಲ್ಸಿನ ಮೇಲೆ ಅಷ್ಟು ಭಾರದ್ದು ಒಮ್ಮೆ ಹೊರಟರೆ ನಿಲ್ಲುತ್ತದೆಯೆ? ಇಷ್ಟೆಲ್ಲ ಆರಿಸಿದವರು ಅದೊಂದನ್ನು ಯೋಚಿಸಿರಲಿಲ್ಲ. ಕೂಸಿನ ಮುಖ ಬಾಡಿತು, ಹಿಡಿ ಸಡಿಲಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಬೀಗತಿ ದೊಪ್ಪನೆ ನೆಲಕ್ಕೆ ಕುಳಿತು, ಮುಂದಿನ ಗಾಲಿಗೆ ತಮ್ಮ ಅಂಗೈ ಅಡ್ಡ ಇಟ್ಟಿದ್ದರು.

"ಬಾ ಅವ್ವಾ," ಎಂದು ಅಂಗೈಯನ್ನು ಚೂರು ಹಿಂದೆ ಸರಿಸಿದರು. ಗಾಲಿ ಅಷ್ಟೇ ಬಂತು. ಒಂದು ಪುಟ್ಟ ಪಾದವೂ ಬಂತು.

"ಬೀಗತ್ಯಾರ, ಕೈ ತಗೀರಿ, ಬೆರಳು ಜಜ್ಜತಾವು."

"ಗಟ್ಟೀದು ಆರಿಸಿದ್ನಿ ಅಕ್ಕಾರ, ನಿಲ್ಲಸೂದು ಮರತ್ನಿ," ಎಂದರು, ತಲೆ ಎತ್ತದೆ. ಬೆರಳು ಕೆಂಪಾಗಿದ್ದವು.

ನಾನೂ ಕುಳಿತೆ. ಅವರ ಕೈ ಸರಿಸಿ ನನ್ನ ಕೈ ಇಟ್ಟೆ. ಒಮ್ಮೆ ಅವರದು, ಒಮ್ಮೆ ನನ್ನದು. ಇಬ್ಬರು ಅಜ್ಜಿಯರು ಕುಳಿತಲ್ಲೇ ಹಿಂದೆ ಹಿಂದೆ ಜರುಗಿದೆವು, ಕೂಸು ಕೇಕೆ ಹಾಕುತ್ತ ನಮ್ಮತ್ತಲೇ ನಡೆದುಬಂತು. ನಾವು ಹಿಂತಿರುಗಿ ನೋಡಲಿಲ್ಲ, ಜಾಗ ಬಿಡಿ ಎಂದು ಯಾರನ್ನೂ ಕೇಳಲಿಲ್ಲ. ಕಾಕೂ ತಮ್ಮ ಚಪ್ಪಲಿ ಸ್ಟ್ಯಾಂಡನ್ನು ಒಳಗೆ ಎಳೆದುಕೊಂಡು ದಾರಿ ಬಿಟ್ಟರು.