ಸೂರ್ಯನನ್ನು ನಂಬದ ಭಾವ

ನನ್ನ ಭಾವನಿಗೆ ಜಗತ್ತಿನಲ್ಲಿ ಎಲ್ಲರ ಮೇಲೂ ನಂಬಿಕೆಯಿದೆ, ಸೂರ್ಯನೊಬ್ಬನನ್ನು ಬಿಟ್ಟು! “ಜೂನ್ ಬಂದರೆ ಅವನು ಅರ್ಜಿಯೂ ಕೊಡದೆ ರಜೆ ಹಾಕ್ತಾನೆ. ಅವನನ್ನು ನಂಬಿ ಲಿಲ್ಲಿ ಬೆಳೆಸಲಿಕ್ಕೆ ಆಗ್ತದಾ?” ಎನ್ನುತ್ತಾರೆ. ಮೂವತ್ತು ವರ್ಷ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಂಡವರು, ಹಾಗೆ ಹೇಳದೆ ಇನ್ನು ಹೇಗೆ ಹೇಳಿಯಾರು?

ಲಿಲ್ಲಿ ತಂಪು ಊರಿನ ಹೂವು. ಮಂಗಳೂರಿನ ಸೆಕೆಗೆ ಮನುಷ್ಯರೇ ಬಾಡುತ್ತಾರೆ. ಆದರೂ ಭಾವ ಜೆಪ್ಪುವಿನ ಮನೆಯ ಟೆರೇಸಿನಲ್ಲಿ ಪ್ಲಾಸ್ಟಿಕ್ ಶೀಟಿನ ಹಸಿರುಮನೆ ಕಟ್ಟಿದರು. ಮೊದಲ ವರ್ಷ ಸೆಕೆಗೆ ಹೆದರಿ ನೆರಳಿಗೆ ಎರಡು ಪದರ ನೆಟ್ ಹೊದಿಸಿದರು. ಗಿಡಗಳು ಬೆಳಕು ಹುಡುಕಿಕೊಂಡು ಬೆಳೆದವು, ಬೆಳೆದವು, ನನ್ನ ಭುಜ ಮುಟ್ಟಿದವು! ಸಣಕಲು ದಂಟು, ತಲೆಯೆಲ್ಲ ಒಂದೇ ಕಡೆಗೆ. ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ಸೊಂಟಕ್ಕೆ ಕೈಯಿಟ್ಟು ನೋಡಿದಳು.

“ಇವಕ್ಕೆ ಎಂತ ಮಾರಾಯ್ರೆ? ಹಂಪನಕಟ್ಟೆಯಲ್ಲಿ ನಿಂತು ಕಾಟಿಪಳ್ಳದ ಬಸ್ಸು ಬಂತಾ ಅಂತ ಇಣುಕಿದ ಹಾಗೆ ಉಂಟು!”

ಬಸ್ಸು ಬರಲಿಲ್ಲ. ಮೊಗ್ಗುಗಳು ಹಳದಿಯಾಗಿ ಉದುರಿದವು.

ಮರುವರ್ಷ ನೆಟ್ ಪೂರ್ತಿ ತೆಗೆದು ಮಾರ್ಚಿನಲ್ಲೇ ಗೆಡ್ಡೆ ನೆಟ್ಟರು. ಸೂರ್ಯ ಸೇಡು ತೀರಿಸಿಕೊಂಡ. ಗೇಣುದ್ದದ ಗಿಡ, ಎಲೆಗಳೆಲ್ಲ ಹಪ್ಪಳ. “ಕರಿದದ್ದಾ, ಸುಟ್ಟದ್ದಾ?” ಎಂದು ಅಕ್ಕ ವಿಚಾರಿಸಿದಳು.

ಮೂರನೇ ವರ್ಷ ಒಂದೇ ಪದರ ನೆಟ್, ಮಳೆಗಾಲದ ಮೋಡಕ್ಕೆ ಉತ್ತರವಾಗಿ ಟ್ಯೂಬ್‌ಲೈಟ್. ಸಾಲದ್ದಕ್ಕೆ, ಬೆಳಕು ಚೂರೂ ಪೋಲಾಗಬಾರದೆಂದು ಅಡುಗೆಮನೆಯ ಸ್ಟೀಲಿನ ಊಟದ ಬಟ್ಟಲುಗಳನ್ನೆಲ್ಲ ಕುಂಡಗಳ ಸುತ್ತ ಒರಗಿಸಿಟ್ಟರು. ನಾನು ಊಟಕ್ಕೆ ಹೋದರೆ ಬಾಳೆಲೆ!

“ಎಂತ ಅಕ್ಕ, ಇವತ್ತು ವಿಶೇಷ?”

“ವಿಶೇಷ ಎಂತದ್ದೂ ಇಲ್ಲ ಮಾರಾಯ. ಬಟ್ಟಲುಗಳೆಲ್ಲ ಮೇಲೆ ಡ್ಯೂಟಿಯಲ್ಲಿ ಉಂಟು.”

ಚಿಗುರು ಬೆರಳುದ್ದ ಬಂದಿದ್ದಾಗ ಅಕ್ಕನ ಕಾಯಿಲೆ ಗೊತ್ತಾಯಿತು. ವೈದ್ಯರು ಭಾವನನ್ನೂ ನನ್ನನ್ನೂ ಹೊರಗೆ ಕರೆದು, ಎರಡು ತಿಂಗಳು ಎಂದರು. ಅವಳಿಗೆ ನಾವು ಹೇಳಲಿಲ್ಲ. ಲಿಲ್ಲಿ ಅರಳಲು ಎರಡೂವರೆ ತಿಂಗಳು ಬೇಕಿತ್ತು. ಮನೆಗೆ ಮರಳುವ ಬಸ್ಸಿನಲ್ಲಿ ಭಾವ ಬೆರಳು ಮಡಚಿ ಲೆಕ್ಕ ಹಾಕುತ್ತಲೇ ಇದ್ದರು.

“ಹಗಲು ಉದ್ದ ಆದರೆ ಇದು ಬೇಗ ಹೂ ಬಿಡ್ತದೆ ಮಾರಾಯ. ದಿನಕ್ಕೆ ಹದಿನಾರು ಗಂಟೆ ಹಗಲು ಕೊಡುವ.”

ಕೊಟ್ಟರು! ಊರಿಗೆಲ್ಲ ಸಂಜೆಯಾದರೂ ಆ ಟೆರೇಸಿನಲ್ಲಿ ಮಾತ್ರ ಮಧ್ಯಾಹ್ನ. ಪಕ್ಕದ ಮನೆಯವರು, “ಮದುವೆ ಉಂಟಾ?” ಎಂದು ಕೇಳಿದರು. “ಉಂಟು. ಮುಹೂರ್ತ ಸ್ವಲ್ಪ ಬೇಗ ಮಾಡಿಸ್ತಾ ಇದ್ದೇನೆ,” ಎಂದರು ಭಾವ.

ಒಂದು ಬೆಳಿಗ್ಗೆ ಭಾವನ ಫೋನು. “ಬಾ ಬೇಗ!” ಅಷ್ಟೇ. ನಾನು ಚಪ್ಪಲಿ ಅದಲುಬದಲು ಮೆಟ್ಟಿ ಓಡಿದೆ. ಅರಳಿತ್ತು ಸ್ವಾಮಿ, ಅರಳಿತ್ತು! ಗಟ್ಟಿ ದಂಟು, ಕಡುಹಸಿರು ಎಲೆ, ಅಂಗೈಗಿಂತ ಅಗಲದ ಬಿಳಿ ಹೂವು, ಅದರ ಬಗಲಿಗೆ ಎರಡು ಮೊಗ್ಗು. ಭಾವ ಕುಂಡವನ್ನು ಬಾಣಂತಿಯ ಕೈಯಿಂದ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮೆಟ್ಟಿಲಿಳಿದರು. ಮುಂದೆ ನಾನು, “ಜಾಗ ಬಿಡಿ, ಜಾಗ ಬಿಡಿ!” ಎನ್ನುತ್ತಾ. ಮನೆಯಲ್ಲಿ ಇದ್ದದ್ದು ನಾವು ಮೂವರೇ!

ಅಕ್ಕ ಹಾಸಿಗೆಯಲ್ಲೇ ಬಾಗಿ ಮೂಸಿದಳು. ಮೂಗಿನ ತುದಿಗೆ ಕಂದು ಪರಾಗ ಮೆತ್ತಿಕೊಂಡಿತು. “ಗೆದ್ದಿರಿ ಮಾರಾಯ್ರೆ,” ಎಂದು ಕೈಯೆತ್ತಿದಳು. ಭಾವ ಗಟ್ಟಿಯಾಗಿ ನಕ್ಕರು. ಎಷ್ಟು ದಿನದ ಮೇಲೆ!

ಅಕ್ಕ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು: “ಅಲ್ಲ, ಅದಕ್ಕೆ ಇಷ್ಟು ಅವಸರ ಯಾಕೆ ಮಾಡಿಸಿದಿರಿ?”

ಭಾವ ಗೋಡೆ ನೋಡಿದರು. ನಾನು ಕುಂಡ ನೋಡಿದೆ. ಅವಳು ನಮ್ಮಿಬ್ಬರನ್ನೂ ನೋಡಿದಳು.

“ಇರಲಿ ಬಿಡಿ,” ಎಂದಳು. “ಸರಿಯಾದ ಹೊತ್ತಿಗೇ ಬಂದಿದೆ.”

ಉಳಿದೆರಡು ಮೊಗ್ಗು ಅರಳಿದ್ದು ಅವಳು ಹೋದ ಮೇಲೆ. ಅಷ್ಟರಲ್ಲಿ ಭಾವ ಟ್ಯೂಬ್‌ಲೈಟುಗಳನ್ನು ಬಿಚ್ಚಿಟ್ಟಿದ್ದರು. ಆ ಮೊಗ್ಗುಗಳಿಗೇನೂ ಅವಸರವಿರಲಿಲ್ಲ.